ನಮ್ಮನ್ನು ನಗಿಸಿದ ಬಾಲಣ್ಣನಿಗೆ ಆ ನಗು ಕೇಳಿಸಿತ್ತೇ?

ಹೇಮಾವತಿ ತುಂಬಿ ಹರಿಯುವ ಜುಲೈ ತಿಂಗಳಿನಲ್ಲಿ ಸಕಲೇಶಪುರದವರೆಲ್ಲರೂ ಜೋರಾಗಿ ಮಾತನಾಡುತ್ತಾರೆ. ಹೆಂಚಿನ ಮೇಲೂ ತಗಡಿನ ಮೇಲೂ ಒಂದೇ ಸಮನೆ ಸುರಿಯುವ ಮಳೆಯ ಸದ್ದನ್ನು ಮೀರಿ ಮಾತು ತಲುಪಬೇಕಾದರೆ ದನಿ ಏರಿಸದೆ ವಿಧಿಯಿಲ್ಲ. ಈ ಕಾರಣದಿಂದಲೇ ನನ್ನ ಕಿವಿ ಮಂದವಾಗುತ್ತಿರುವ ಸಂಗತಿ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಮಳೆಗಾಲದಲ್ಲಿ ಎಲ್ಲರೂ ಕಿವುಡರೇ. ಮಳೆ ನಿಂತ ಮೇಲೆ ಮಾತ್ರ ಯಾರು ನಿಜವಾಗಿ ಕಿವುಡರು ಎಂಬುದು ತಿಳಿಯುತ್ತದೆ.

ಜುಲೈ ಬಂದಾಗ ನನಗೆ ಇನ್ನೊಬ್ಬರ ನೆನಪೂ ಆಗುತ್ತದೆ. 1995ರ ಜುಲೈ 19ರಂದು ಟಿ.ಎನ್. ಬಾಲಕೃಷ್ಣ ತೀರಿಕೊಂಡರು. ಕನ್ನಡ ನಾಡಿಗೆ ಅವರು ಬಾಲಣ್ಣ. ಐದು ದಶಕಗಳ ಕಾಲ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡವರು. ಹಾಸ್ಯಗಾರರಾಗಿ, ಕುತಂತ್ರಿಯಾಗಿ, ಜಿಪುಣನಾಗಿ, ಕೊನೆಕೊನೆಗೆ ಕರುಣಾಳು ಹಿರಿಯರಾಗಿ ಪರದೆಯನ್ನು ತುಂಬಿದವರು. ಮೂಗಿನಿಂದ ಎಳೆದಂತೆ ಬರುತ್ತಿದ್ದ ಅವರ ದನಿಯನ್ನು ಅನುಕರಿಸದ ಮಿಮಿಕ್ರಿ ಕಲಾವಿದರು ನಮ್ಮಲ್ಲಿ ಇರಲಾರರು. ಇಷ್ಟು ಜನ ಅನುಕರಿಸಿದ ಆ ದನಿಯನ್ನು ಅದರ ಒಡೆಯರು ಸರಿಯಾಗಿ ಕೇಳಿಸಿಕೊಳ್ಳಲಾರದವರಾಗಿದ್ದರು. ಎಳವೆಯಿಂದಲೂ ಬಾಲಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನಾನು ಈ ಮಾತನ್ನು ಮೊದಲು ಕೇಳಿದಾಗ ಹೈಸ್ಕೂಲಿನಲ್ಲಿದ್ದೆ. ನಂಬಲಿಲ್ಲ. ಮಾತಿಗೆ ಮಾತು ಕೊಟ್ಟು, ಎದುರಿನವನ ಮಾತು ಮುಗಿಯುವುದರೊಳಗೆ ಮುಖ ಸಿಂಡರಿಸಿ ನಗಿಸುವ ಮನುಷ್ಯನಿಗೆ ಕಿವಿ ಕೇಳಿಸದು ಎಂದರೆ ಯಾರು ನಂಬಿಯಾರು? ನನಗೇ ಆ ಸ್ಥಿತಿ ಒದಗಿದ ಮೇಲೆ, ಎಪ್ಪತ್ತರ ಹತ್ತಿರದ ಈ ವಯಸ್ಸಿನಲ್ಲಿ, ಅವರ ಬದುಕನ್ನು ಮತ್ತೆ ಓದಿಕೊಳ್ಳುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಹಳೆಯ ನೆನಪನ್ನು ಹೇಳಬೇಕು. ನನ್ನ ತಂದೆ ಮಂಜರಾಬಾದ್ ಕೋಟೆಗೆ ಹೆಚ್ಚು ದೂರವಿಲ್ಲದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅರವತ್ತರ ದಶಕದ ಆರಂಭದಲ್ಲಿ ಒಂದು ಚಳಿಗಾಲದ ರಾತ್ರಿ ತೋಟದ ಬಂಗಲೆಗೆ ಬಂದಿದ್ದ ಅತಿಥಿಯೊಬ್ಬರು ಹದಿನಾರು ಎಂ.ಎಂ. ಪ್ರೊಜೆಕ್ಟರ್ ತಂದಿದ್ದರು. ಕಾಫಿ ಒಣಗಿಸುವ ಕಣದಲ್ಲಿ ಬಿಳಿಯ ಬಟ್ಟೆ ಕಟ್ಟಿದರು. ಮುಂದೆ ಕುರ್ಚಿಗಳಲ್ಲಿ ಬಂಗಲೆಯವರು, ಹಿಂದೆ ರೈಟರ್ ಮತ್ತು ಮೇಸ್ತ್ರಿಗಳ ಮನೆಯವರು, ಅದರಾಚೆ ಕಂಬಳಿ ಹೊದ್ದು ಕುಳಿತ ಲೈನ್ ಮನೆಯವರು. ಅಂದು ತೋರಿಸಿದ ಚಿತ್ರ ಲಾರೆಲ್ ಮತ್ತು ಹಾರ್ಡಿ ಜೋಡಿಯ ‘ದಿ ಮ್ಯೂಸಿಕ್ ಬಾಕ್ಸ್’ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

1932ರ ಏಪ್ರಿಲ್‌ನಲ್ಲಿ ತೆರೆಕಂಡ, ಹ್ಯಾಲ್ ರೋಚ್ ನಿರ್ಮಿಸಿ ಜೇಮ್ಸ್ ಪ್ಯಾರಟ್ ನಿರ್ದೇಶಿಸಿದ, ಅರ್ಧ ಗಂಟೆಗೂ ಮೀರದ ಚಿತ್ರ ಅದು. ಕಿರು ಹಾಸ್ಯಚಿತ್ರಗಳಿಗಾಗಿ ಆಸ್ಕರ್ ಕೊಡಲು ಆರಂಭಿಸಿದ ವರ್ಷವೇ ಆ ಪ್ರಶಸ್ತಿಯನ್ನು ಪಡೆಯಿತು. ಕಥೆ ಎನ್ನಲು ಅಲ್ಲಿ ಏನೂ ಇಲ್ಲ. ಒಬ್ಬ ಸಣಕಲ, ಇನ್ನೊಬ್ಬ ದಢೂತಿ. ಇಬ್ಬರೂ ಸೇರಿ ದೊಡ್ಡ ಪೆಟ್ಟಿಗೆಯಲ್ಲಿರುವ ಪಿಯಾನೊವನ್ನು ಗುಡ್ಡದ ಮೇಲಿನ ಮನೆಗೆ ಮುಟ್ಟಿಸಬೇಕು. ಮನೆಗೆ ನೂರ ಮೂವತ್ತಕ್ಕೂ ಹೆಚ್ಚು ಮೆಟ್ಟಿಲುಗಳು. ಹೊತ್ತು ಹತ್ತುತ್ತಾರೆ, ಪೆಟ್ಟಿಗೆ ಜಾರಿ ಕೆಳಗೆ ಬರುತ್ತದೆ. ಮತ್ತೆ ಹತ್ತುತ್ತಾರೆ, ಮತ್ತೆ ಜಾರುತ್ತದೆ. ಹೇಗೋ ತುದಿ ಮುಟ್ಟಿದಾಗ ಅಂಚೆಯವನೊಬ್ಬ, ಹಿಂದಿನಿಂದ ಗಾಡಿ ಬರುವ ರಸ್ತೆಯಿದೆಯಲ್ಲ ಎನ್ನುತ್ತಾನೆ. ಅಷ್ಟು ಸಾಕು, ಪೆಟ್ಟಿಗೆಯನ್ನು ಅಷ್ಟೂ ಮೆಟ್ಟಿಲು ಕೆಳಗಿಳಿಸಿ, ಗಾಡಿಗೇರಿಸಿ, ಮತ್ತೆ ಮೇಲಕ್ಕೆ ತರುತ್ತಾರೆ. ಪಿಯಾನೊ ಮನೆಯೊಳಗೆ ಹೋದ ಮೇಲೆ ಬಂದ ಮನೆಯ ಯಜಮಾನ ಅದನ್ನು ಕೊಡಲಿಯಿಂದ ಕಡಿದು ಚೂರು ಮಾಡುತ್ತಾನೆ. ಅದು ಹೆಂಡತಿ ತನಗೇ ತರಿಸಿದ ಉಡುಗೊರೆ ಎಂಬುದು ಅವನಿಗೆ ತಿಳಿಯುವುದು ಅನಂತರ.

ಮಂಜರಾಬಾದ್ ಕೋಟೆಗೆ ಹತ್ತಲು ಇನ್ನೂರೈವತ್ತರಷ್ಟು ಮೆಟ್ಟಿಲುಗಳಿವೆ. ಭಾರ ಹೊತ್ತು ದಿಬ್ಬ ಹತ್ತುವುದೆಂದರೇನು ಎಂಬುದನ್ನು ಲೈನ್ ಮನೆಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಂಗ್ಲಿಷ್ ಬಾರದ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆ ರಾತ್ರಿ ಎಲ್ಲರಿಗಿಂತ ಹೆಚ್ಚು ನಕ್ಕವನು ತೋಟದಲ್ಲಿ ಮರಗಸಿ ಮಾಡುತ್ತಿದ್ದ ಒಬ್ಬ ಕಿವುಡ ಆಳು. ಅವನನ್ನು ಎಲ್ಲರೂ ಕಿವುಡ ಎಂದೇ ಕರೆಯುತ್ತಿದ್ದರು. ಹಿಂದಿನಿಂದ ಹೋಗಿ ತಗಡು ಬಡಿದು, ಅವನು ತಿರುಗಿ ನೋಡದಿದ್ದಾಗ ಕೇಕೆ ಹಾಕುವುದು ನಮ್ಮ ವಯಸ್ಸಿನ ಹುಡುಗರ ಆಟವಾಗಿತ್ತು. ಆ ಆಟದಲ್ಲಿ ನಾನೂ ಇದ್ದೆ. ಸುಗ್ಗಿ ಮುಗಿದ ಮೇಲೆ ಊರಾಚೆ ಟೆಂಟ್ ಸಿನಿಮಾ ಬಂದು, ‘ನಮೋ ವೆಂಕಟೇಶ’ ಹಾಡು ಕೇಳಿಸುತ್ತಿದ್ದಂತೆ ತೋಟದವರೆಲ್ಲ ಟಾರ್ಚು ಹಿಡಿದು ಹೊರಡುತ್ತಿದ್ದರು. ಅವನು ಮಾತ್ರ ಬರುತ್ತಿರಲಿಲ್ಲ. ಅಲ್ಲಿನ ಚಿತ್ರಗಳೆಲ್ಲ ಮಾತಿನವು, ಹಾಡಿನವು. ಅವನಿಗೆ ಅಲ್ಲಿ ಏನೂ ಇರಲಿಲ್ಲ.

ಆ ಟೆಂಟಿನ ಪರದೆಯ ಮೇಲೆ ನಮ್ಮನ್ನು ನಗಿಸುತ್ತಿದ್ದ ಬಾಲಣ್ಣನೂ ಅವನಂತೆಯೇ ಎಂಬುದು ನಮಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಬಾಲಕೃಷ್ಣ ನಮ್ಮ ಹಾಸನ ಜಿಲ್ಲೆಯವರೇ. 1911ರ ನವೆಂಬರ್ 2ರಂದು ಅರಸೀಕೆರೆಯ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಕಾಯಿಲೆ ಬಿದ್ದ ತಂದೆಯ ಚಿಕಿತ್ಸೆಗೆ ದಾರಿ ಕಾಣದೆ ತಾಯಿ ಈ ಮಗುವನ್ನು ಎಂಟು ರೂಪಾಯಿಗೆ ಬೇರೆಯವರ ಮಡಿಲಿಗೆ ಹಾಕಿದರು ಎಂಬುದು ಅವರ ಬದುಕನ್ನು ಬಲ್ಲವರೆಲ್ಲ ಹೇಳುತ್ತ ಬಂದ ಮಾತು. ಬಡತನದ ಜೊತೆಗೆ ಕಿವುಡುತನವೂ ಸೇರಿಕೊಂಡಿತು. ಶ್ರವಣಸಾಧನ, ವಾಕ್‌ಚಿಕಿತ್ಸೆ ಎಂಬ ಪದಗಳೇ ಇಲ್ಲಿ ಇರದ ಕಾಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1960ರ ದಶಕದ ನಡುವಿನಲ್ಲಿ. ಆ ಹೊತ್ತಿಗೆ ಬಾಲಣ್ಣ ಐವತ್ತು ದಾಟಿದ್ದರು. ಕಿವಿ ಕೇಳದ ಹುಡುಗನನ್ನು ದಡ್ಡನೆಂದು ಭಾವಿಸುವುದು ಶಾಲೆಗಳ ಸಾಮಾನ್ಯ ರೂಢಿ. ಮೂವತ್ತು ವರ್ಷ ಮೇಷ್ಟರಾಗಿದ್ದ ನಾನೇ ಹಿಂದಿನ ಬೆಂಚಿನ ಎಷ್ಟು ಮಕ್ಕಳನ್ನು ಹಾಗೆ ಎಣಿಸಿದ್ದೆನೋ, ಈಗ ಲೆಕ್ಕ ಹಾಕಲು ಭಯವಾಗುತ್ತದೆ.

ಕಿವಿ ಕೈಬಿಟ್ಟವನನ್ನು ಕಣ್ಣು ಮತ್ತು ಕೈ ಸಾಕಿದವು. ಬಾಲಕೃಷ್ಣ ಬಣ್ಣದ ಕೆಲಸ ಬಲ್ಲವರಾಗಿದ್ದರು, ಬೋರ್ಡು ಬರೆಯುತ್ತಿದ್ದರು. ಆ ಕೈಕಸುಬೇ ಅವರನ್ನು ನಾಟಕದ ಕಂಪನಿಗಳ ಬಾಗಿಲಿಗೆ ತಂದು ನಿಲ್ಲಿಸಿತು. ಕಂಪನಿ ನಾಟಕಗಳ ಪರದೆ, ಸೀನು, ಪ್ರಚಾರದ ಬೋರ್ಡು ಎಲ್ಲಕ್ಕೂ ಬಣ್ಣದವರು ಬೇಕಾಗಿದ್ದ ಕಾಲ ಅದು. ಪರದೆಗೆ ಬಣ್ಣ ಬಳಿಯಲು ಹೋದವರು ಮುಖಕ್ಕೆ ಬಣ್ಣ ಬಳಿದುಕೊಂಡು ರಂಗಕ್ಕೆ ಬಂದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕಂಪನಿ ನಾಟಕದಲ್ಲಿ ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ನಿಂತಿರುತ್ತಾನೆ. ಮಾತು ಮರೆತ ನಟನಿಗೆ ಮೊದಲ ಪದ ಎತ್ತಿಕೊಡುವುದು ಅವನ ಕೆಲಸ. ಎಷ್ಟೋ ಘಟಾನುಘಟಿ ನಟರು ಅವನ ಪಿಸುದನಿಯನ್ನು ನಂಬಿ ರಂಗಕ್ಕೆ ಬರುತ್ತಿದ್ದರು. ಕಿವಿ ಕೇಳದವನಿಗೆ ಆ ಆಸರೆಯಿಲ್ಲ. ಹಾರ್ಮೋನಿಯಂ ಶ್ರುತಿಯಿಲ್ಲ, ತಬಲದ ಪೆಟ್ಟಿನ ಸೂಚನೆಯಿಲ್ಲ, ಸಭಿಕರ ಚಪ್ಪಾಳೆ ಎಲ್ಲಿಗೆ ಮುಗಿಯಿತು ಎಂಬ ಅಂದಾಜೂ ಕಿವಿಗೆ ಸಿಗದು. ತನ್ನ ಮಾತನ್ನಷ್ಟೇ ಅಲ್ಲ, ಎದುರಿನವನ ಮಾತನ್ನೂ ಬಾಯಿಪಾಠ ಮಾಡಬೇಕು. ಅವನ ತುಟಿ ಯಾವಾಗ ನಿಂತಿತು ಎಂದು ನೋಡುತ್ತಲೇ ಇರಬೇಕು. ಬಾಲಕೃಷ್ಣ ಮಾಡಿದ್ದು ಇದನ್ನೇ. ಸಹನಟರ ತುಟಿಯ ಚಲನೆಯನ್ನು ಓದಿ ಅವರು ಸಂಭಾಷಣೆ ಒಪ್ಪಿಸುತ್ತಿದ್ದರು ಎಂಬುದು ಚಿತ್ರರಂಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ.

ಅವರು ಹೀಗೆ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಜಗತ್ತಿನ ಚಿತ್ರರಂಗ ಮಾತು ಕಲಿಯಿತು. 1927ರಲ್ಲಿ ಅಮೆರಿಕದಲ್ಲಿ ‘ದಿ ಜಾಝ್ ಸಿಂಗರ್’ ಬಂದ ಮೇಲೆ ಮೂಕಿ ಚಿತ್ರಗಳ ಯುಗ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಈ ಬದಲಾವಣೆಯನ್ನು ನಾವೆಲ್ಲ ಮುನ್ನಡೆ ಎಂದೇ ಓದಿಕೊಂಡಿದ್ದೇವೆ. ಕಿವುಡರ ಪಾಲಿಗೆ ಅದು ಬಾಗಿಲು ಮುಚ್ಚಿದ ಗಳಿಗೆಯಾಗಿತ್ತು. ಮೂಕಿ ಚಿತ್ರದ ಮುಂದೆ ಕಿವಿ ಕೇಳುವವನೂ ಕೇಳದವನೂ ಸಮಾನರಾಗಿದ್ದರು. ಮಾತು ಬೇಕಾದಲ್ಲಿ ಅದು ಅಕ್ಷರದಲ್ಲಿ ಬರುತ್ತಿತ್ತು. ಚಾರ್ಲಿ ಚಾಪ್ಲಿನ್‌ಗೆ ಗ್ರಾನ್‌ವಿಲ್ ರೆಡ್‌ಮಂಡ್ ಎಂಬ ಕಿವುಡ ಚಿತ್ರಕಾರ ಗೆಳೆಯನಿದ್ದ. ಅವನು ಚಾಪ್ಲಿನ್‌ಗೆ ಸನ್ನೆಭಾಷೆ ಕಲಿಸಿದ. ಅವನ ಕೆಲವು ಚಿತ್ರಗಳಲ್ಲಿ ಪಾತ್ರವನ್ನೂ ಮಾಡಿದ. 1931ರ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಶಿಲ್ಪಿಯಾಗಿ ಕಾಣಿಸಿಕೊಳ್ಳುವವನು ಅವನೇ. ಮಾತು ಬಂದ ಮೇಲೆ ಅಂಥವರಿಗೆ ಸ್ಥಳವಿಲ್ಲದಾಯಿತು.

ಲಾರೆಲ್ ಮತ್ತು ಹಾರ್ಡಿ ಈ ಹೊಳೆಯನ್ನು ಯಾವ ಅಡ್ಡಿಯೂ ಇಲ್ಲದೆ ದಾಟಿದ ಕೆಲವರಲ್ಲಿ ಸೇರಿದವರು. ಮಾತನ್ನು ಕಡಿಮೆ ಆಡಿ, ಬೀಳುವುದು, ಏಳುವುದು, ದಿಟ್ಟಿಸುವುದು, ತಲೆ ಕೆರೆಯುವುದು, ಇವನ್ನೇ ನೆಚ್ಚಿಕೊಂಡದ್ದು ಅವರನ್ನು ಉಳಿಸಿತು. 1930ರ ಆಸುಪಾಸಿನಲ್ಲಿ ಅವರು ತಮ್ಮ ಕೆಲವು ಚಿತ್ರಗಳನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿಯೂ ತಾವೇ ನಟಿಸಿ ತೆಗೆದರು. ಆ ಭಾಷೆಗಳು ಅವರಿಗೆ ಬರುತ್ತಿರಲಿಲ್ಲ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು, ಅರ್ಥವಾಗದ ಸದ್ದುಗಳನ್ನು ನೋಡಿ ಒಪ್ಪಿಸಿದರು. ಜನ ನಕ್ಕರು. ತಾನು ಆಡುವ ಮಾತೇ ತನಗೆ ತಲುಪದಿದ್ದರೂ ಅದನ್ನು ಸರಿಯಾದ ಗಳಿಗೆಗೆ ಆಡಿ ನಗಿಸಬಹುದೆಂಬುದಕ್ಕೆ ಅವರು ಕೆಲವು ಚಿತ್ರಗಳ ಮಟ್ಟಿಗೆ ಸಾಕ್ಷಿಯಾದರು. ಬಾಲಣ್ಣ ಅದನ್ನು ಬದುಕಿನುದ್ದಕ್ಕೂ ಮಾಡಿದರು.

1943ರಲ್ಲಿ ‘ರಾಧಾ ರಮಣ’ ಚಿತ್ರದ ಮೂಲಕ ಬಾಲಕೃಷ್ಣ ಬೆಳ್ಳಿತೆರೆಗೆ ಬಂದರು. ಮುಂದೆ ‘ಹಂಸಗೀತೆ’ಯಂಥ ಚಿತ್ರಗಳನ್ನು ನಿರ್ದೇಶಿಸಿ, ಸಂಸ್ಕೃತದಲ್ಲಿಯೂ ಚಿತ್ರ ತೆಗೆದ ಜಿ.ವಿ. ಅಯ್ಯರ್ ಅವರ ಪಯಣ ಆರಂಭವಾದದ್ದೂ ಅದೇ ಚಿತ್ರದಿಂದ. ಕನ್ನಡ ಚಿತ್ರಗಳು ಆಗ ವರ್ಷಕ್ಕೆ ಬೆರಳೆಣಿಕೆಯಷ್ಟು. ಚಿತ್ರೀಕರಣ ಬಹುಪಾಲು ಮದ್ರಾಸಿನಲ್ಲಿ. ಕಂಪನಿಯಲ್ಲಿ ಪಾತ್ರ, ನಡುವೆ ಒಂದು ಚಿತ್ರ, ಮತ್ತೆ ಕಂಪನಿ ಎಂಬಂತೆ ಕಲಾವಿದರ ಬದುಕು ನಡೆಯುತ್ತಿತ್ತು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಕಂಡು ರಾಜ್‌ಕುಮಾರ್ ಮತ್ತು ನರಸಿಂಹರಾಜು ಒಟ್ಟಿಗೇ ಕನ್ನಡಿಗರ ಮನೆಮಾತಾದರು. ಮುಂದಿನ ಎರಡು ದಶಕಗಳ ಕನ್ನಡ ಹಾಸ್ಯವೆಂದರೆ ತಿಪಟೂರಿನ ನರಸಿಂಹರಾಜು ಮತ್ತು ಅರಸೀಕೆರೆಯ ಬಾಲಕೃಷ್ಣ. ಒಂದೇ ರೈಲು ಹಾದಿಯ, ಅಕ್ಕಪಕ್ಕದ ಎರಡು ಊರುಗಳು. ತೆಂಗಿನ ಸೀಮೆಯ ಈ ಇಬ್ಬರೂ ಒಂದೇ ಚೌಕಟ್ಟಿನೊಳಗೆ ಬಂದರೆ ಟೆಂಟಿನ ನೆಲದ ಮೇಲೆ ಕುಳಿತವರು ಮಾತು ಶುರುವಾಗುವ ಮೊದಲೇ ನಗುತ್ತಿದ್ದರು.

ನರಸಿಂಹರಾಜು ಅವರದು ಚಿಮ್ಮುವ ಹಾಸ್ಯ. ಉಬ್ಬುಹಲ್ಲು, ಸಣ್ಣ ಮೈ, ಚುರುಕು ನಡೆ. ಬಾಲಣ್ಣನದು ಕಾಯುವ ಹಾಸ್ಯ. ಎದುರಿನವನನ್ನು ನೆಟ್ಟ ಕಣ್ಣಿನಿಂದ ನೋಡುತ್ತ, ಕತ್ತು ಕೊಂಚ ಮುಂದೆ ಚಾಚಿ, ತಡೆದು, ಆಮೇಲೆ ಮಾತು ಬಿಡುವ ರೀತಿ. ಅದು ಅವರ ಶೈಲಿ ಎಂದು ನಾವು ಮೆಚ್ಚಿಕೊಂಡೆವು. ಆ ನೆಟ್ಟ ನೋಟದ ಹಿಂದೆ ತುಟಿಯೋದುವ ಶ್ರಮವಿತ್ತು, ಆ ತಡೆಯುವಿಕೆಯ ಹಿಂದೆ ಎದುರಿನವನ ಮಾತು ಮುಗಿಯಿತೆಂದು ಖಾತ್ರಿ ಮಾಡಿಕೊಳ್ಳುವ ಎಚ್ಚರವಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ತುಟಿಯೋದುವುದು ಎಷ್ಟು ಕಷ್ಟವೆಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಕನ್ನಡದ ಪ, ಬ, ಮ ಅಕ್ಷರಗಳು ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಕ, ಗ, ಹ ಅಕ್ಷರಗಳು ತುಟಿಯ ಮೇಲೆ ಕಾಣುವುದೇ ಇಲ್ಲ. ಅವು ಬಾಯಿಯ ಒಳಗೇ ಹುಟ್ಟಿ ಮುಗಿಯುತ್ತವೆ. ಮಳೆ ಎಂದರೂ ಬಳೆ ಎಂದರೂ ತುಟಿ ಮಾಡುವ ಆಕಾರ ಒಂದೇ. ಕೆಲವು ವರ್ಷಗಳ ಹಿಂದೆ ಮದುವೆಯ ಮನೆಯೊಂದರಲ್ಲಿ ನೆಂಟರೊಬ್ಬರು ನಮ್ಮ ಕಡೆ ಮಳೆ ಹೇಗಿದೆ ಎಂದು ಕೇಳಿದರು. ನಾನು, ಬಳೆ ಈಗಿನ ಹೆಣ್ಣುಮಕ್ಕಳು ಎಲ್ಲಿ ಹಾಕಿಕೊಳ್ಳುತ್ತಾರೆ ಎಂದು ಉತ್ತರ ಕೊಟ್ಟೆ. ಪಂಕ್ತಿಯಲ್ಲಿ ಕುಳಿತವರೆಲ್ಲ ನಕ್ಕರು. ಕಾರಣ ತಿಳಿಯದೆ ನಾನೂ ಅವರ ಜೊತೆ ನಕ್ಕೆ. ಮನೆಗೆ ಬಂದ ಮೇಲೆ ಹೆಂಡತಿ ವಿವರಿಸಿದಳು. ಅಲ್ಲಿಂದ ಮುಂದೆ ನಾನು ಮದುವೆಗಳಿಗೆ ಹೋಗುವುದನ್ನು ಬಿಟ್ಟೆ. ಆಮೇಲೆ ಗೆಳೆಯರ ಸಂಜೆಯ ಹರಟೆಯನ್ನು ಬಿಟ್ಟೆ. ಕೊನೆಗೆ ಫೋನ್ ಎತ್ತುವುದನ್ನೂ ಬಿಟ್ಟೆ. ಕಿವಿ ಹೋದದ್ದಕ್ಕಿಂತ ಅದನ್ನು ಮುಚ್ಚಿಡುವ ಕೆಲಸವೇ ನನ್ನನ್ನು ಹೆಚ್ಚು ದಣಿಸಿತು.

ಆ ಒಂದು ತಪ್ಪಿಗೆ ನಾನು ಮೂಲೆ ಸೇರಿದೆ. ಬಾಲಣ್ಣ ದಿನವೂ ಅಂಥ ತಪ್ಪು ಆಗಬಹುದಾದ ಜಾಗದಲ್ಲಿ, ದುಬಾರಿಯ ಫಿಲ್ಮ್ ಸುರುಳಿ ಓಡುತ್ತಿರುವಾಗ, ಲೈಟ್‌ಬಾಯ್‌ನಿಂದ ಹಿಡಿದು ನಿರ್ಮಾಪಕನವರೆಗೆ ನೂರು ಜನ ನೋಡುತ್ತಿರುವಾಗ ಐವತ್ತು ವರ್ಷ ನಿಂತರು.

1960 ಅವರ ಬದುಕಿನ ದೊಡ್ಡ ವರ್ಷ. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರ ನಿರ್ಮಾಣ ಕುಂಠಿತವಾಗಿ ಕಲಾವಿದರಿಗೆ ಕೆಲಸ ಸಿಗುವುದು ಕಷ್ಟವಾಯಿತು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು, ಊರೂರು ತಿರುಗಿ ನಾಟಕವಾಡಿದರು. ಆ ಒಗ್ಗಟ್ಟಿನಿಂದ ‘ರಣಧೀರ ಕಂಠೀರವ’ ಚಿತ್ರ ತಯಾರಾಯಿತು. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಕಥೆ. ನಾಡಿನ ಇತಿಹಾಸವನ್ನು ತೆರೆಗೆ ತಂದ ಆ ಚಿತ್ರ ಜಯಭೇರಿ ಬಾರಿಸಿತು. ಕನ್ನಡ ಚಿತ್ರವನ್ನು ನಂಬಿಯೂ ಬದುಕಬಹುದೆಂಬ ಧೈರ್ಯವನ್ನು ಅದು ಕಲಾವಿದರಿಗೆ ಕೊಟ್ಟಿತು. ಎಂಟು ರೂಪಾಯಿಯ ಮಗು ನಿರ್ಮಾಪಕರ ಸಾಲಿಗೆ ಬಂದು ನಿಂತಿತ್ತು.

ಅರವತ್ತು ಮತ್ತು ಎಪ್ಪತ್ತರ ದಶಕಗಳಲ್ಲಿ ಬಾಲಣ್ಣ ಇಲ್ಲದ ರಾಜ್‌ಕುಮಾರ್ ಚಿತ್ರವನ್ನು ಹುಡುಕಿ ತೆಗೆಯಬೇಕಾಗುತ್ತದೆ. 1972ರ ‘ಬಂಗಾರದ ಮನುಷ್ಯ’ದಲ್ಲಿ ಅವರು ರಾಚೂಟಪ್ಪ. ಹಳ್ಳಿಗೆ ಹಿಂತಿರುಗಿ ಮಣ್ಣನ್ನು ನಂಬಿದ ರಾಜೀವನನ್ನು ಕನ್ನಡಿಗರು ಎಷ್ಟು ನೆನೆಯುತ್ತಾರೋ ಅಷ್ಟೇ ಅಕ್ಕರೆಯಿಂದ ರಾಚೂಟಪ್ಪನನ್ನೂ ನೆನೆಯುತ್ತಾರೆ. ಸಕಲೇಶಪುರದ ಟೆಂಟಿಗೆ ಆ ಚಿತ್ರ ಬಂದಾಗ ಭತ್ತದ ಗದ್ದೆಯ ಕೆಲಸ ಬಿಟ್ಟು ಎತ್ತಿನ ಗಾಡಿ ಕಟ್ಟಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಮರುವರ್ಷದ ‘ಗಂಧದ ಗುಡಿ’ಯಲ್ಲಿಯೂ ಅವರಿದ್ದರು. ನಗಿಸುವವನೇ ಕೇಡಿಗನೂ ಆಗಿ, ಕೇಡಿಗನೇ ಮರುಚಿತ್ರದಲ್ಲಿ ಕಣ್ಣೀರು ತರಿಸುವ ತಂದೆಯೂ ಆಗಿ ಒಪ್ಪಿಗೆಯಾಗುವುದು ಸುಲಭವಲ್ಲ. ಪ್ರೇಕ್ಷಕ ಅವರನ್ನು ಎಲ್ಲ ವೇಷದಲ್ಲಿಯೂ ನಂಬಿದ.

ಬಾಲಣ್ಣನಿಗೂ ಒಂದು ಪಿಯಾನೊ ಪೆಟ್ಟಿಗೆ ಇತ್ತು. ಅದರ ಹೆಸರು ಅಭಿಮಾನ್ ಸ್ಟುಡಿಯೊ. ಕನ್ನಡ ಚಿತ್ರಕ್ಕೆ ಮದ್ರಾಸಿನ ಹಂಗು ತಪ್ಪಬೇಕು, ಬೆಂಗಳೂರಿನಲ್ಲಿಯೇ ಕನ್ನಡಿಗನದೊಂದು ಸ್ಟುಡಿಯೊ ಇರಬೇಕು ಎಂಬುದು ಅವರ ಹಂಬಲ. ಸರ್ಕಾರ ಕೆಂಗೇರಿಯ ಬಳಿ ಇಪ್ಪತ್ತು ಎಕರೆ ಜಮೀನು ಕೊಟ್ಟಿತು. ಜಮೀನು ಸಿಕ್ಕಿತು, ಕಟ್ಟಡ, ಫ್ಲೋರು, ಯಂತ್ರಗಳಿಗೆ ಹಣ ಸಿಗಲಿಲ್ಲ. ಹಾಸ್ಯನಟನ ಸಂಭಾವನೆಯಿಂದ ಸ್ಟುಡಿಯೊ ಕಟ್ಟಲು ಹೊರಟವರಿಗೆ ಸಾಲವೇ ಗತಿ. ಒಂದು ಕಟ್ಟಡ ಎದ್ದರೆ ಬಡ್ಡಿ ಅದಕ್ಕಿಂತ ಎತ್ತರಕ್ಕೆ ಏಳುತ್ತಿತ್ತು. ಬಂದ ಪಾತ್ರಗಳನ್ನೆಲ್ಲ ಒಪ್ಪಿಕೊಂಡು, ಗಳಿಸಿದ್ದನ್ನು ಆ ನೆಲಕ್ಕೆ ಸುರಿದರು. ಮೆಟ್ಟಿಲು ಹತ್ತಿದಷ್ಟೂ ಪೆಟ್ಟಿಗೆ ಕೆಳಕ್ಕೆ ಜಾರುತ್ತಿತ್ತು. ಅವರು ಕನಸಿದ ಪೂರ್ಣ ಸ್ವರೂಪವನ್ನು ಆ ಸ್ಟುಡಿಯೊ ಅವರ ಕಾಲದಲ್ಲಿ ಕಾಣಲಿಲ್ಲ.

ಅವರು ತೀರಿಕೊಂಡ ಮೇಲೂ ಆ ನೆಲಕ್ಕೆ ನೆಮ್ಮದಿ ಸಿಗಲಿಲ್ಲ. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲಿಯೇ ನಡೆಯಿತು. ಆ ಸ್ಥಳದ ಸ್ಮಾರಕದ ಕುರಿತು ವರ್ಷಗಟ್ಟಲೆ ವ್ಯಾಜ್ಯ ನಡೆದು, 2025ರ ಆಗಸ್ಟ್‌ನಲ್ಲಿ ಅದು ನೆಲಸಮವಾಯಿತು. ಪತ್ರಿಕೆಗಳಲ್ಲಿ ದಿನಗಟ್ಟಲೆ ಅಭಿಮಾನ್ ಸ್ಟುಡಿಯೊ ಎಂಬ ಹೆಸರು ಬಂತು. ಸರಿ ತಪ್ಪುಗಳ ತೀರ್ಮಾನ ನನ್ನ ಕೆಲಸವಲ್ಲ. ಆ ಸುದ್ದಿಗಳನ್ನು ಓದುವಾಗ ನನಗೆ ಅನ್ನಿಸಿದ್ದು ಇಷ್ಟೇ: ಆ ಹೆಸರನ್ನಿಟ್ಟವರು ಯಾರು, ಏಕಿಟ್ಟರು, ಅದಕ್ಕಾಗಿ ಏನನ್ನು ತೆತ್ತರು ಎಂಬುದನ್ನು ನೆನೆದವರು ಕಡಿಮೆ. ‘ದಿ ಮ್ಯೂಸಿಕ್ ಬಾಕ್ಸ್’ ಚಿತ್ರದ ಮೆಟ್ಟಿಲುಗಳು ಲಾಸ್ ಏಂಜಲೀಸ್ ನಗರದಲ್ಲಿ ಇಂದಿಗೂ ಇವೆ. ಅಲ್ಲೊಂದು ಫಲಕವಿದೆ. ಜನ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ನಕ್ಕು ಹೋಗುತ್ತಾರೆ. ಇಬ್ಬರು ವಿದೂಷಕರು ಭಾರ ಹೊತ್ತ ಜಾಗವೆಂಬ ಒಂದೇ ಕಾರಣಕ್ಕೆ ಊರು ಅದನ್ನು ನೆನಪಿಟ್ಟುಕೊಂಡಿದೆ.

ನಾನು ಬಾಲಣ್ಣನನ್ನು ಆದರ್ಶವಾಗಿ ತೋರಿಸಿ, ಕಿವುಡರೆಲ್ಲ ಹೀಗೆಯೇ ಛಲದಿಂದ ಗೆಲ್ಲಬೇಕು ಎಂದು ಉಪದೇಶಿಸಲು ಹೊರಟಿಲ್ಲ. ಅಂಥ ಉಪದೇಶ ಸುಲಭ, ಮತ್ತು ಅದು ಹೊರೆಯನ್ನೆಲ್ಲ ಕಿವುಡನ ತಲೆಯ ಮೇಲೇ ಹಾಕುತ್ತದೆ. ಐನೂರು ಚಿತ್ರಗಳಿಗಾಗಿ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿದ್ದು ಅವರ ಹಿರಿಮೆ ನಿಜ. ಹಾಗೆ ಮಾಡದೆ ಬೇರೆ ದಾರಿ ಇರಲಿಲ್ಲ ಎಂಬುದು ನಮ್ಮ ಕಿರಿಮೆ. ಕುರುಡನನ್ನು ಕಂಡರೆ ನಮ್ಮ ಸಮಾಜ ಕೈ ಹಿಡಿದು ರಸ್ತೆ ದಾಟಿಸುತ್ತದೆ. ಕಿವುಡನನ್ನು ಕಂಡರೆ ನಗುತ್ತದೆ, ಇಲ್ಲವೇ ರೇಗುತ್ತದೆ. ಎರಡನೆಯ ಸಲ ಕೇಳಿದರೆ ದನಿ ಏರುತ್ತದೆ, ಮೂರನೆಯ ಸಲ ಕೇಳಿದರೆ ಹೋಗಲಿ ಬಿಡಿ ಎಂಬ ಉತ್ತರ ಬರುತ್ತದೆ. ನಮ್ಮ ನಾಟಕ, ಸಿನಿಮಾಗಳಲ್ಲಿ ಕಿವುಡನ ಪಾತ್ರ ಬಂತೆಂದರೆ ಅದು ನಗಿಸಲೆಂದೇ ಬಂದಿರುತ್ತದೆ. ಕಿವುಡನ ಮೇಲೆ ನಗುವ ನಾಡನ್ನು ಒಬ್ಬ ಕಿವುಡರೇ ಐವತ್ತು ವರ್ಷ ನಗಿಸಿದರು. ಇದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕಿವುಡರನ್ನೂ ಮಂದಶ್ರವಣದವರನ್ನೂ ಬೇರೆಬೇರೆಯಾಗಿ ಗುರುತಿಸಿದೆ. ಚಿತ್ರಮಂದಿರಗಳಲ್ಲಿ ಶ್ರವಣದೋಷ ಮತ್ತು ದೃಷ್ಟಿದೋಷ ಇರುವವರಿಗೆ ಅನುಕೂಲ ಕಲ್ಪಿಸಬೇಕೆಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2024ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಕನ್ನಡ ಚಿತ್ರಕ್ಕೆ ಕನ್ನಡದಲ್ಲಿಯೇ ಅಡಿಬರಹ ಹಾಕುವುದು ಇಂದಿನ ತಂತ್ರಜ್ಞಾನಕ್ಕೆ ದೊಡ್ಡ ಮಾತಲ್ಲ. ಪರಭಾಷೆಯವರಿಗಾಗಿ ಇಂಗ್ಲಿಷ್ ಅಡಿಬರಹ ಹಾಕುವ ನಾವು, ನಮ್ಮದೇ ಭಾಷೆಯ ಕಿವುಡರಿಗಾಗಿ ಕನ್ನಡದ ಅಡಿಬರಹ ಹಾಕಲು ಹಿಂದೆ ಮುಂದೆ ನೋಡಬಾರದು. ಬಾಲಣ್ಣ ನಟಿಸಿದ ಹಳೆಯ ಚಿತ್ರಗಳಿಂದಲೇ ಈ ಕೆಲಸ ಆರಂಭವಾಗಲಿ. ಅವರಿಗೆ ಕೇಳಿಸದ ಚಿತ್ರಗಳು ಅವರಂಥವರಿಗಾದರೂ ತಲುಪಲಿ. ಅವರ ಹೆಸರಿನಲ್ಲಿ ಸಮಾರಂಭ ಮಾಡುವುದಕ್ಕಿಂತ ಇದು ಮೇಲು.

ನನ್ನ ಮಟ್ಟಿಗೆ ಒಂದು ಸಣ್ಣ ಬದಲಾವಣೆ ಆಗಿದೆ. ಕಳೆದ ವರ್ಷ ಪರೀಕ್ಷೆ ಮಾಡಿಸಿಕೊಂಡು ಶ್ರವಣಸಾಧನ ಹಾಕಿಸಿಕೊಂಡೆ. ಮೊದಲ ಕೆಲವು ವಾರ ಮಫ್ಲರಿನಲ್ಲಿ ಅದನ್ನು ಮುಚ್ಚಿಕೊಂಡು ಓಡಾಡಿದೆ; ಸಕಲೇಶಪುರದ ಚಳಿ ನೆಪಕ್ಕೆ ಒದಗಿತು. ಈಗ ಮುಚ್ಚುವುದಿಲ್ಲ. ಯಾರಾದರೂ ಮಾತನಾಡಿಸಿದರೆ, ನನಗೆ ಕಿವಿ ಮಂದ, ಮುಖ ನೋಡಿ ನಿಧಾನವಾಗಿ ಹೇಳಿ ಎಂದು ಮೊದಲೇ ತಿಳಿಸುತ್ತೇನೆ. ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಕೇಳಿಕೊಂಡರೆ ಸಿಗುತ್ತಿದ್ದ ಸಹನೆಯನ್ನು ನಾನೇ ಅಷ್ಟು ವರ್ಷ ಕೇಳದೆ ಇದ್ದೆ.

ಮೊನ್ನೆ ಮಳೆ ಹಿಡಿದ ಸಂಜೆ ಮೊಮ್ಮಗ ತನ್ನ ಮೊಬೈಲಿನಲ್ಲಿ ‘ದಿ ಮ್ಯೂಸಿಕ್ ಬಾಕ್ಸ್’ ಹುಡುಕಿ ತೋರಿಸಿದ. ಅರವತ್ತು ವರ್ಷಗಳ ಮೇಲೆ ಮತ್ತೆ ನೋಡಿದೆ. ಪೆಟ್ಟಿಗೆ ಜಾರಿದಾಗಲೆಲ್ಲ ಒಳಗಿನ ಪಿಯಾನೊ ಝಲ್ಲೆಂದು ಸದ್ದು ಮಾಡುತ್ತದೆ ಎಂಬುದು ನನಗೆ ನೆನಪೇ ಇರಲಿಲ್ಲ. ಆ ರಾತ್ರಿ ಕಣದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನಿಗೆ ಆ ಸದ್ದಿನ ಅಗತ್ಯವಿರಲಿಲ್ಲ. ಅವನ ಹೆಸರೇನು ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ತಂದೆಯವರ ಚೆಕ್‌ರೋಲ್ ಪುಸ್ತಕದಲ್ಲಿ ವಾರವಾರವೂ ಅದು ಇದ್ದಿರಲೇಬೇಕು. ಹೆಸರಿಲ್ಲದೆ ಕೂಲಿ ಬಟವಾಡೆ ಆಗುತ್ತಿರಲಿಲ್ಲ. ತಂದೆಯವರು ಬದುಕಿದ್ದಷ್ಟು ಕಾಲ ನಾನು ಅದನ್ನು ಕೇಳಲಿಲ್ಲ.